ಹದಿಮೂರರ ನಂತರ ಓದಲು ಏನು ಕೊಡುವುದು?

ಕನ್ನಡದಲ್ಲಿ ಪುಟ್ಟ ಮಕ್ಕಳಿಗೆ ಹೊಸ ಪುಸ್ತಕ ಸೂಚಿಸುವುದು ಈಗ ಅಂಥ ಕಷ್ಟದ ಕೆಲಸವಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ತನ್ನ ಚಿತ್ರಪುಸ್ತಕಗಳನ್ನು ಓದಿನ ನಾಲ್ಕು ಹಂತಗಳಾಗಿ ವಿಂಗಡಿಸುತ್ತದೆ. 2015ರಲ್ಲಿ ಅದು ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿಯೇ ಸಿಗುತ್ತವೆ. ಇಲ್ಲಿ ಮುಖ್ಯವಾದದ್ದು ವಯಸ್ಸಲ್ಲ, ಓದುವ ಬಲ. ಇಂಗ್ಲಿಷ್ ಮಾಧ್ಯಮದ, ಅಥವಾ ವಿದೇಶದಲ್ಲಿ ಬೆಳೆಯುತ್ತಿರುವ ಹತ್ತು ವರ್ಷದ ಹುಡುಗಿಗೆ ಒತ್ತಕ್ಷರ ತೊಡಕಾದರೆ ಮೊದಲ ಹಂತದ ಪುಸ್ತಕವೇ ಸರಿ, ಅದರಲ್ಲಿ ಅವಮಾನವೇನಿಲ್ಲ.

ತೊಡಕು ಇರುವುದು ಹದಿಹರೆಯದವರ ವಿಷಯದಲ್ಲಿ. ಅವರಿಗೆಂದೇ ಬರೆದ ಹೊಸ ಕನ್ನಡ ಪುಸ್ತಕಗಳು ವಿರಳ. ಇರುವವುಗಳಲ್ಲಿ ಎಷ್ಟೋ ನೀತಿಪಾಠದ ಭಾರಕ್ಕೆ ಕುಸಿಯುತ್ತವೆ. ಹಾಗಾಗಿ ಸೂಚಿಸುವವರು ‘ಮಕ್ಕಳ ಸಾಹಿತ್ಯ’ದ ಬೇಲಿ ದಾಟಲೇಬೇಕು. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ವಿಜ್ಞಾನಿಯೊಬ್ಬರ ಜೊತೆ ಹಾರುವ ಓತಿಯನ್ನು ಹುಡುಕುತ್ತ ಕಾಡು ಹೊಗುವ ಆ ಕಥೆ ಹದಿನಾಲ್ಕರ ಕುತೂಹಲಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡವರ ಪುಸ್ತಕದಲ್ಲಿ ಮಕ್ಕಳಿಗೆ ತಕ್ಕದ್ದಲ್ಲದ್ದು ಇರಬಹುದಲ್ಲ ಎಂಬ ಆತಂಕ ನ್ಯಾಯವೇ. ಅದಕ್ಕೆ ಪರಿಹಾರ, ಸೂಚಿಸುವವರು ಮೊದಲು ತಾವು ಪೂರ್ತಿ ಓದುವುದು (ಹಿಂಬದಿಯ ರಕ್ಷಾಪುಟ ಓದಿ ಶಿಫಾರಸು ಮಾಡುವವರೇ ಹೆಚ್ಚು!). ಹಳೆಯದನ್ನೇ ಹೊಗಳಿದರೆ ಹೊಸ ಲೇಖಕರ ಗತಿಯೇನು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಹದಿನಾಲ್ಕರಲ್ಲಿ ಕನ್ನಡ ಓದುವುದನ್ನೇ ಬಿಟ್ಟವರು ಹೊಸ ಲೇಖಕರ ಪುಸ್ತಕಗಳನ್ನೂ ಕೊಳ್ಳುವುದಿಲ್ಲ. ಶಾಲಾ ಗ್ರಂಥಾಲಯಗಳು ಒಂದು ಹಳೆಯ ಕಾದಂಬರಿಯ ಪಕ್ಕದಲ್ಲೇ ಈ ವರ್ಷದ ಎರಡು ಹೊಸ ಪುಸ್ತಕಗಳನ್ನಿಟ್ಟು, ಯಾವುದನ್ನು ಮಕ್ಕಳು ಅರ್ಧಕ್ಕೇ ಬಿಟ್ಟರೆಂದು ಗುರುತು ಹಾಕಿಕೊಂಡರೆ ಮುಂದಿನ ಪಟ್ಟಿ ತಯಾರಿಸುವುದು ಸುಲಭ.