ಗಣಿ ಭೂಮಿಯ ಪುನಶ್ಚೇತನ: ಕಳೆಯ ವೆಚ್ಚಕ್ಕೂ ಲೆಕ್ಕವಿರಲಿ

ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಭಾಗದ ಕಬ್ಬಿಣದ ಅದಿರಿನ ಗಣಿಗಳ ಪುನರಾರಂಭಕ್ಕೆ ಪುನಶ್ಚೇತನ ಯೋಜನೆಯೇ ಷರತ್ತೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ತಡೆಗೋಡೆ, ಕಾಲುವೆ, ಸಸಿ ನೆಡುವಿಕೆ ಇವುಗಳಿಗೆ ಗುತ್ತಿಗೆದಾರರು ಹಣ ತೆಗೆದಿರಿಸುತ್ತಾರೆ. ಆದರೆ ನಂತರದ ವರ್ಷಗಳ ಕಳೆ ನಿರ್ವಹಣೆಗೆ ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತು ಕಾಣುವುದು ವಿರಳ.

ಹಸಿರೆಲ್ಲವೂ ಪುನಶ್ಚೇತನವಲ್ಲ

ಹೊಸದಾಗಿ ಹರಡಿದ ಮಣ್ಣಿನಲ್ಲಿ ಸ್ಪರ್ಧೆಯಿಲ್ಲದ ಕಾರಣ ಪಾರ್ಥೇನಿಯಂ, ಲಂಟಾನ ಮತ್ತು ಬಳ್ಳಾರಿ ಜಾಲಿ ಬೇಗನೆ ನೆಲೆಯೂರುತ್ತವೆ. ಪಾರ್ಥೇನಿಯಂನ ಒಂದೇ ಗಿಡವು ಸಾವಿರಾರು ಬೀಜಗಳನ್ನು ಉದುರಿಸಬಲ್ಲದು; ಅದು ಕಾರ್ಮಿಕರಿಗೆ ಚರ್ಮದ ಅಲರ್ಜಿಯನ್ನೂ ತರುತ್ತದೆ. ಜಾಲಿಯ ಕಾಯಿಯನ್ನು ತಿಂದ ದನಕರುಗಳು ಸಗಣಿಯ ಮೂಲಕ ಬೀಜವನ್ನು ಹರಡುತ್ತವೆ. ಇಂತಹ ದಿಬ್ಬವು ದೂರಕ್ಕೆ ಹಸಿರಾಗಿ ಕಂಡರೂ ಅಲ್ಲಿ ಮೇವು ಬೆಳೆಯುವುದಿಲ್ಲ. ಗಣಿಗಾರಿಕೆಯಾದ ಪ್ರದೇಶದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು ಮತ್ತು ಜೀವಸಂಕುಲಕ್ಕೆ ಯೋಗ್ಯವಾಗಿಸಬೇಕೆಂಬ ಷರತ್ತನ್ನು ವಿಧಿಸುವಂತೆ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 8ರಂದು ನಿರ್ದೇಶಿಸಿದೆ. ಅದರ ವೆಚ್ಚವು ಗುತ್ತಿಗೆದಾರರದೇ.

ಮಿತವ್ಯಯದ ಕ್ರಮಗಳು

1. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ, ಮಣ್ಣು ತೇವವಿರುವಾಗ, ಕೈಗವಸು ತೊಟ್ಟು ಬೇರುಸಹಿತ ಕೀಳಿಸಬೇಕು. ಹೂವಾದ ಮೇಲೆ ಕಿತ್ತರೆ ಕೂಲಿ ಕೊಟ್ಟೂ ಬೀಜ ಉಳಿಯುತ್ತದೆ.

2. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬುಡವನ್ನೇ ಅಗೆದು ತೆಗೆಯಬೇಕು.

3. ಮೇಲ್ಮಣ್ಣಿನ ರಾಶಿಯನ್ನು ಕಳೆರಹಿತವಾಗಿಡಬೇಕು. ಕಳೆ ಪ್ರದೇಶದಿಂದ ಬರುವ ಯಂತ್ರಗಳನ್ನು ತೊಳೆಯಬೇಕು. ಗೊಬ್ಬರವು ಚೆನ್ನಾಗಿ ಕಳಿತಿರಬೇಕು.

4. ತೆರವಾದ ಜಾಗದಲ್ಲಿ ಕೂಡಲೇ ಸ್ಥಳೀಯ ಹುಲ್ಲನ್ನು ಬಿತ್ತಬೇಕು. ಬರಿದಾದ ನೆಲವು ಕಳೆಗೆ ಆಹ್ವಾನವಿದ್ದಂತೆ.

ಲೆಕ್ಕಪತ್ರದ ದೃಷ್ಟಿ

ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು, 2017ಕ್ಕೆ 2021ರಲ್ಲಿ ಮಾಡಿದ ತಿದ್ದುಪಡಿಯು ಹಣಕಾಸಿನ ಭದ್ರತೆಯನ್ನು ಹೆಕ್ಟೇರಿಗೆ ‘ಎ’ ವರ್ಗದ ಗಣಿಗೆ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ, ‘ಬಿ’ ವರ್ಗಕ್ಕೆ 2 ಲಕ್ಷದಿಂದ 3 ಲಕ್ಷಕ್ಕೆ ಏರಿಸಿತು. ಪುನಶ್ಚೇತನವು ತೃಪ್ತಿಕರವಾಗದಿದ್ದರೆ ಈ ಭದ್ರತೆಯೇ ಅಪಾಯಕ್ಕೆ ಒಳಗಾಗುತ್ತದೆ. ಇಂಡ್ ಎಎಸ್ 37ರ ಪ್ರಕಾರ, ಈಗಾಗಲೇ ಕೆಡಿಸಿದ ಭೂಮಿಯನ್ನು ಸರಿಪಡಿಸುವ ಹೊಣೆಗೆ ಪ್ರಾವಿಷನ್ ಮಾಡಬೇಕು ಮತ್ತು ಪ್ರತಿ ವರದಿ ದಿನಾಂಕದಂದು ಅದನ್ನು ಪರಿಶೀಲಿಸಬೇಕು. ಮುಚ್ಚುವಿಕೆಯ ಯೋಜನೆಯು ವಿಧಿಸುವ ನಂತರದ ನಿರ್ವಹಣೆಯ ವೆಚ್ಚವೂ ಆ ಅಂದಾಜಿನಲ್ಲಿ ಸೇರಬೇಕು. ಅದನ್ನು ಬಿಟ್ಟರೆ ಇಂದಿನ ಲಾಭವು ಹೆಚ್ಚಾಗಿ ತೋರಿ, ಅದಿರಿನ ಆದಾಯ ನಿಂತ ಮೇಲೆ ಹೊರೆ ಬೀಳುತ್ತದೆ.

ಆದುದರಿಂದ ಸದಸ್ಯರು ಮುಂಗಡಪತ್ರದಲ್ಲಿ ಕಳೆ ನಿರ್ವಹಣೆಗೆ ಪ್ರತ್ಯೇಕ ಶೀರ್ಷಿಕೆ ತೆರೆದು, ಮುಂಗಾರು ಆರಂಭವಾಗುವ ಮೊದಲೇ ಹಣವನ್ನು ಮಂಜೂರು ಮಾಡಿಸಿಕೊಳ್ಳುವುದು ಹಿತಕರ. ಮಂಜೂರಾತಿಯು ಹೂ ಬಿಟ್ಟ ಮೇಲೆ ಬಂದರೆ ಮುಂದಿನ ವರ್ಷದ ಖರ್ಚೂ ಆಗಲೇ ಬಿತ್ತಿದಂತಾಗುತ್ತದೆ.