ಕಿಂಗ್ ಮಹಾಶಯರ ಕಡೆಯ ಹೋರಾಟ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಜನವರಿ ತಿಂಗಳ ಮೂರನೆಯ ಸೋಮವಾರವನ್ನು 1986ನೆಯ ಇಸವಿಯಿಂದ ಮಾರ್ಟಿನ್ ಲೂಥರ್ ಕಿಂಗ್ ಮಹಾಶಯರ ಸ್ಮರಣೆಗಾಗಿ ರಾಷ್ಟ್ರೀಯ ರಜಾದಿನವಾಗಿ ಆಚರಿಸುತ್ತಿರುವರು. ಆ ದಿನ ಅಲ್ಲಿಯೂ ಇಲ್ಲಿಯೂ ಜನರು ಕೊಂಡಾಡುವುದು 1963ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅವರು ಮಾಡಿದ ಭಾಷಣವನ್ನು. ಕನಸಿನ ಮಾತು ಕಿವಿಗೆ ಇಂಪು. ಹೊಗಳುವವರಿಗೆ ಖರ್ಚೂ ಇಲ್ಲ. ಆದರೆ ಆ ಮಹನೀಯರು ಪ್ರಾಣ ತೆತ್ತದ್ದು ಊರಿನ ಕಸ ಹೊರುವವರ ಮಜೂರಿಗಾಗಿ ನಿಂತಾಗ ಎಂಬುದನ್ನು ನೆನೆಯುವವರು ವಿರಳ.

1968ರ ಫೆಬ್ರವರಿ 1ರಂದು ಟೆನೆಸಿ ಸಂಸ್ಥಾನದ ಮೆಂಫಿಸ್ ನಗರದಲ್ಲಿ ಜೋರಾಗಿ ಮಳೆ ಸುರಿಯುತ್ತಿತ್ತು. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕರಿಯ ಕೆಲಸಗಾರರು ನೆನೆಯದಿರಲೆಂದು ಕಸದ ಲಾರಿಯ ಹಿಂಭಾಗದೊಳಗೆ ಸೇರಿಕೊಂಡರು. ಹಳೆಯ ಲಾರಿ, ಕಸವನ್ನು ಅದುಮುವ ಯಂತ್ರವು ತಾನಾಗಿ ಚಲಿಸಿ ಇಬ್ಬರನ್ನೂ ಅರೆದುಹಾಕಿತು. ಹನ್ನೆರಡನೆಯ ತಾರೀಖು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಪೂರ್ಣ ವೇಳೆ ದುಡಿದೂ ಬಡವರ ಸಹಾಯಧನಕ್ಕೆ ಕೈಯೊಡ್ಡಬೇಕಾದಂಥವರು ಅವರಲ್ಲಿ ಅನೇಕರಿದ್ದರು. ಮುಷ್ಕರವು ಕಾಯಿದೆಗೆ ವಿರುದ್ಧವೆಂದೂ ಅವರ ಸಂಘವನ್ನು ತಾವು ಒಪ್ಪುವುದಿಲ್ಲವೆಂದೂ ಮೇಯರ್ ಲೋಬ್‌ರವರು ಹಟ ಹಿಡಿದರು. ಆ ಕೆಲಸಗಾರರು ಕೊರಳಿಗೆ ತಗಲಿಸಿಕೊಂಡು ನಡೆದ ಫಲಕಗಳಲ್ಲಿ ಇದ್ದುದು ಒಂದೇ ಮಾತು: ನಾನು ಮನುಷ್ಯನು.

ಕಿಂಗ್‌ರನ್ನು ಆ ಊರಿಗೆ ಕರೆಸಿದವರು ಪಾದ್ರಿ ಜೇಮ್ಸ್ ಲಾಸನ್. ಇವರ ವೃತ್ತಾಂತ ನಮ್ಮವರು ಅರಿಯತಕ್ಕದ್ದು. ಯುದ್ಧಸೇವೆಗೆ ಸೇರಲೊಲ್ಲೆನೆಂದು ಸೆರೆಮನೆ ಕಂಡ ಈ ಕರಿಯ ಯುವಕರು 1953ರಲ್ಲಿ ನಾಗಪುರಕ್ಕೆ ಬಂದು, ಅಲ್ಲಿನ ಹಿಸ್ಲಾಪ್ ಕಾಲೇಜಿನಲ್ಲಿದ್ದುಕೊಂಡು, ಸತ್ಯಾಗ್ರಹದ ಕ್ರಮವನ್ನು ಅಭ್ಯಾಸ ಮಾಡಿ ಹಿಂದಿರುಗಿದವರು. ಬಡವರ ಮಹಾಯಾತ್ರೆಯೊಂದರ ಸಿದ್ಧತೆಯಲ್ಲಿ ಮುಳುಗಿದ್ದ ಕಿಂಗ್‌ರಿಗೆ ಮೆಂಫಿಸಿಗೆ ಹೋಗಬೇಡಿರೆಂದು ಸಂಗಡಿಗರು ಹೇಳಿದರು. ಅವರು ಹೋದರು. ಕಸ ಎತ್ತುವವನು ಕೆಲಸ ನಿಲ್ಲಿಸಿದರೆ ರೋಗ ಹಬ್ಬುವುದು, ಆದುದರಿಂದ ಅವನು ವೈದ್ಯನಷ್ಟೇ ಮುಖ್ಯನು ಎಂದು ಮಾರ್ಚ್ 18ರ ಸಭೆಯಲ್ಲಿ ಸಾರಿದರು. ಏಪ್ರಿಲ್ 4ರಂದು ಗುಂಡಿಗೆ ಬಲಿಯಾದರು. ಹನ್ನೆರಡು ದಿನಗಳ ತರುವಾಯ ನಗರಾಡಳಿತವು ಸಂಘವನ್ನು ಮನ್ನಿಸಿ ಮಜೂರಿಯನ್ನೂ ಏರಿಸಿತು.

ಗಾಂಧೀಜಿಯವರ ಬೋಧೆ ಕಡಲು ದಾಟಿ ಫಲಿಸಿತೆಂದು ನಾವು ಹಿಗ್ಗುವುದುಂಟು, ಹಿಗ್ಗತಕ್ಕದ್ದೇ. ಆದರೆ ಕಿಂಗ್‌ರು 1959ರಲ್ಲಿ ಭರತಖಂಡಕ್ಕೆ ಬಂದಾಗ ತಿರುವನಂತಪುರದ ಒಂದು ಶಾಲೆಯಲ್ಲಿ ನಡೆದುದನ್ನೂ ಮರೆಯಲಾಗದು. ಅಸ್ಪೃಶ್ಯರೆನಿಸಿದವರ ಮಕ್ಕಳೆದುರು ಮುಖ್ಯೋಪಾಧ್ಯಾಯರು ಇವರನ್ನು ಅಮೆರಿಕದಿಂದ ಬಂದ ಮತ್ತೊಬ್ಬ ಅಸ್ಪೃಶ್ಯರೆಂದು ಪರಿಚಯಿಸಿದರಂತೆ. ಮೊದಲು ಮನಸ್ಸಿಗೆ ಚುಚ್ಚಿತು, ಯೋಚಿಸಿದಾಗ ಮಾತು ನಿಜವೆನಿಸಿತು ಎಂದು 1965ರ ಉಪದೇಶವೊಂದರಲ್ಲಿ ಅವರೇ ಹೇಳಿರುವರು. ಅವರು ನಮ್ಮಿಂದ ಕೊಂಡೊಯ್ದದ್ದು ಸತ್ಯಾಗ್ರಹವನ್ನು ಮಾತ್ರವಲ್ಲ, ಈ ಹೆಸರನ್ನೂ ಕೂಡ.

ಮಲವನ್ನು ತಲೆಯ ಮೇಲೆ ಹೊರಿಸುವ ಹೀನ ಪದ್ಧತಿಯನ್ನು 1970ರ ದಶಕದಲ್ಲಿ ನಮ್ಮ ನಾಡಿನಲ್ಲಿ ನಿಷೇಧಿಸಿದ ಕೀರ್ತಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರದು. ಇಡೀ ದೇಶಕ್ಕೆ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಬಂದಿತು. ರಕ್ಷಣಾ ಸಾಧನಗಳಿಲ್ಲದೆ ಮಲಗುಂಡಿಗೆ, ಒಳಚರಂಡಿಗೆ ಮನುಷ್ಯನನ್ನು ಇಳಿಸುವುದು ಈ ಎರಡನೆಯದರಂತೆ ಅಪರಾಧ. ಹೀಗಿದ್ದೂ ವಿಷವಾಯುವಿಗೆ ಸಿಕ್ಕಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ ವಿಧಿಸಿತು. ಸತ್ತ ಮೇಲೆ ಲಕ್ಷಗಳನ್ನೆಣಿಸುವುದಕ್ಕಿಂತ ಬದುಕಿರುವಾಗ ಯಂತ್ರವನ್ನು ಕೊಳ್ಳುವುದು ಅಗ್ಗವೆಂಬ ಲೆಕ್ಕ ನಮ್ಮ ಪೌರಸಭೆಗಳಿಗೆ ಹೊಳೆಯದಿರುವುದು ಸೋಜಿಗ!

ಹೊಳೆಯದಿರುವುದಕ್ಕೆ ಕಾರಣವಿಲ್ಲದಿಲ್ಲ. ನಡುವೆ ಗುತ್ತಿಗೆದಾರನೊಬ್ಬನಿರುವನು. ಅನಾಹುತವಾದಾಗ ಆಳು ನಮ್ಮವನಲ್ಲವೆಂದು ಕಚೇರಿ ಹೇಳುವುದು. ತಾನಾಗಿಯೇ ಇಳಿದನೆಂದು ಗುತ್ತಿಗೆದಾರನು ಹೇಳುವನು. ಕೋಲ್, ವಾಕರ್ ಇಬ್ಬರೂ ತಾವಾಗಿಯೇ ಲಾರಿಯೊಳಗೆ ನಿಂತವರಲ್ಲವೇ? ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವ ಅಧಿಕಾರಿಗಳಲ್ಲಿ ಹಲವರು ಈ ಪುಟವನ್ನು ಓದುವವರೆಂದು ನಾವು ಬಲ್ಲೆವು. ಮುಂದಿನ ಸಹಿಗೆ ಮುನ್ನ, ಗುಂಡಿಗೆ ಇಳಿಯುವುದು ಯಂತ್ರವೋ ಮನುಷ್ಯನೋ ಎಂಬುದನ್ನು ಆ ಕಾಗದದಲ್ಲಿ ಹುಡುಕಿ ನೋಡಬೇಕೆಂದು ಅವರಲ್ಲಿ ನಮ್ಮ ಬಿನ್ನಹ.