ಮಿನಿ ಕಾರಿನ ಕ್ಲಚ್ಚು

1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ತಲೆದೋರಿದಾಗ ಬ್ರಿಟನ್ನಿನಲ್ಲಿ ಪೆಟ್ರೋಲಿನ ಅಭಾವವುಂಟಾಯಿತು. ಅಲ್ಪ ಇಂಧನದಿಂದ ಓಡುವ, ಆದರೂ ನಾಲ್ಕು ಮಂದಿ ನೆಮ್ಮದಿಯಾಗಿ ಕುಳಿತುಕೊಳ್ಳಬಹುದಾದ ಪುಟ್ಟ ಕಾರೊಂದನ್ನು ರೂಪಿಸುವ ಹೊಣೆಯನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಸಂಸ್ಥೆಯು ಅಲೆಕ್ ಇಸ್ಸಿಗೋನಿಸ್ ಎಂಬ ಎಂಜಿನಿಯರರಿಗೆ ವಹಿಸಿತು. 1959ರ ಆಗಸ್ಟ್ ತಿಂಗಳಿನಲ್ಲಿ ಹೊರಬಂದ ಆ ಕಾರೇ ಮಿನಿ. ಅದರ ಉದ್ದ ಕೇವಲ ಹತ್ತು ಅಡಿ. ಎಂಜಿನ್ನಿನ ಗಾತ್ರ 848 ಘನ ಸೆಂಟಿಮೀಟರು. ಜನರಿಗೆ ಹೆಚ್ಚು ಜಾಗ ಸಿಗಲೆಂದು ಇಸ್ಸಿಗೋನಿಸ್ ಅವರು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರುಪೆಟ್ಟಿಗೆಯನ್ನು ಅದರ ಅಡಿಯಲ್ಲಿಯೇ, ಅದೇ ಎಣ್ಣೆಯಲ್ಲಿ ಮುಳುಗುವಂತೆ ಇರಿಸಿದರು. 2000ದ ಅಕ್ಟೋಬರಿನವರೆಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ತಯಾರಾದವು. ಅವುಗಳಲ್ಲಿ ಅನೇಕವು ಅಭಿಮಾನಿಗಳ ಆರೈಕೆಯಲ್ಲಿ ಇಂದಿಗೂ ಓಡುತ್ತಿವೆ. ಅವುಗಳ ಒಡೆಯರನ್ನು ಮತ್ತೆ ಮತ್ತೆ ಕಾಡುವ ಭಾಗವೆಂದರೆ ಕ್ಲಚ್ಚು.

ಎಂಜಿನ್ ಒಮ್ಮೆ ಚಾಲನೆಗೊಂಡ ಮೇಲೆ ತಿರುಗುತ್ತಲೇ ಇರಬೇಕು. ಚಕ್ರಗಳಾದರೋ ಆಗಾಗ ನಿಲ್ಲಬೇಕು. ಇವೆರಡನ್ನೂ ಬೇಕಾದಾಗ ಕೂಡಿಸಿ, ಬೇಡವಾದಾಗ ಅಗಲಿಸುವುದೇ ಕ್ಲಚ್ಚಿನ ಕೆಲಸ. ಎಂಜಿನ್ನಿನೊಡನೆ ತಿರುಗುವ ಎರಡು ಲೋಹದ ಮೈಗಳ ನಡುವೆ, ಸುಮಾರು 18 ಸೆಂಟಿಮೀಟರ್ ವ್ಯಾಸದ ಒಂದು ತೆಳುವಾದ ತಟ್ಟೆಯಿರುತ್ತದೆ. ಅದರ ಎರಡು ಬದಿಗಳಿಗೂ ಘರ್ಷಣೆಯನ್ನು ಹೆಚ್ಚಿಸುವ ಪದರವನ್ನು ಜೋಡಿಸಿರುತ್ತಾರೆ. ಬಲವಾದ ಸ್ಪ್ರಿಂಗು ಇವುಗಳನ್ನು ಒತ್ತಿ ಹಿಡಿದಿರುವಾಗ ಎಲ್ಲವೂ ಒಂದಾಗಿ ತಿರುಗುತ್ತವೆ. ಯಂತ್ರಗಳಲ್ಲಿ ಘರ್ಷಣೆಯನ್ನು ಸಾಮಾನ್ಯವಾಗಿ ಶತ್ರುವೆಂದೇ ಭಾವಿಸಿ ಎಣ್ಣೆ ಹಾಕುತ್ತೇವೆ. ಇಲ್ಲಿ ಮಾತ್ರ ಅದೇ ಆಪ್ತಮಿತ್ರ. ಎಣ್ಣೆಯ ನಾಲ್ಕು ಹನಿ ಸಾಕು, ಈ ಮೈತ್ರಿ ಮುರಿಯಲು.

ಚಾಲಕನ ಪಾದದ ಒತ್ತು ಕ್ಲಚ್ಚನ್ನು ತಲುಪುವ ಬಗೆಯೂ ತಿಳಿಯತಕ್ಕದ್ದೇ. ಪೆಡಲಿಗೆ ಹೊಂದಿಕೊಂಡಿರುವ ಮಾಸ್ಟರ್ ಸಿಲಿಂಡರು ಎಂಬ ಕೊಳವೆಯಲ್ಲಿ ದ್ರವ ತುಂಬಿರುತ್ತದೆ. ಪೆಡಲನ್ನು ಒತ್ತಿದಾಗ ಆ ಒತ್ತಡವು ಸಣ್ಣ ನಳಿಕೆಯ ಮೂಲಕ ಎಂಜಿನ್ನಿನ ಬಳಿಯಿರುವ ಸ್ಲೇವ್ ಸಿಲಿಂಡರಿಗೆ ಹೋಗಿ, ಅಲ್ಲಿನ ಕೊಂತವನ್ನು ಹೊರಕ್ಕೆ ನೂಕುತ್ತದೆ. ಕೊಂತವು ಒಂದು ಸನ್ನೆಯನ್ನು ತಳ್ಳುತ್ತದೆ. ಸನ್ನೆಯು ಸ್ಪ್ರಿಂಗಿನ ಹಿಡಿತವನ್ನು ಬಿಡಿಸುತ್ತದೆ. ಮುಚ್ಚಿದ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪ್ಯಾಸ್ಕಲನ ನಿಯಮವೇ ಇದಕ್ಕೆ ಆಧಾರ. ಆದರೆ ದ್ರವದೊಳಗೆ ಗಾಳಿಯ ಗುಳ್ಳೆ ಸೇರಿದರೆ, ಪಾದದ ಶ್ರಮವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ಕಳೆದುಹೋಗುತ್ತದೆ.

ಕ್ಲಚ್ಚಿಗೆ ಮುಖ್ಯವಾಗಿ ಎರಡು ಬಗೆಯ ರೋಗಗಳುಂಟು. ಒಂದು, ಹಿಡಿಯಬೇಕಾದಾಗ ಹಿಡಿಯದೆ ಜಾರುವುದು. ಇನ್ನೊಂದು, ಬಿಡಬೇಕಾದಾಗ ಬಿಡದಿರುವುದು. ಇವು ಒಂದಕ್ಕೊಂದು ತೀರ ವಿರುದ್ಧವಾದವು. ಇವನ್ನು ಬೇರ್ಪಡಿಸಿ ನೋಡದೆ, ಕ್ಲಚ್ಚು ಕೆಟ್ಟಿದೆ ಎಂದ ಕೂಡಲೆ ಎಂಜಿನ್ನಿಗೆ ಕೈಹಾಕುವವನು, ಅಲ್ಪ ಬೆಲೆಯ ರಬ್ಬರಿನ ಬಟ್ಟಲೊಂದನ್ನು ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಒಂದೆರಡು ದಿನದ ದುಡಿಮೆಯನ್ನೂ ಹಣವನ್ನೂ ತೆರಬೇಕಾಗುತ್ತದೆ.

ಜಾರುವ ಕ್ಲಚ್ಚನ್ನು ಏರುದಾರಿಯಲ್ಲಿ ಗುರುತಿಸುವುದು ಸುಲಭ. ಎಂಜಿನ್ನಿನ ಸದ್ದು ಏರುತ್ತದೆ, ಕಾರಿನ ವೇಗ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಹಿಂದೆ ಲಾರಿಯೊಂದು ಏರಿಬರುತ್ತಿರುವಾಗ ಹೀಗಾದರೆ ಅಪಾಯವೇ ಸರಿ. ಸಂದೇಹವಿದ್ದಲ್ಲಿ, ಮುಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಕೈಬ್ರೇಕನ್ನು ಭದ್ರವಾಗಿ ಎಳೆದು, ಅತಿ ಮೇಲಿನ ಗೇರಿಗೆ ಹಾಕಿ, ಪೆಡಲನ್ನು ಮೆಲ್ಲಗೆ ಬಿಡಬೇಕು. ಕ್ಲಚ್ಚು ಸರಿಯಿದ್ದರೆ ಎಂಜಿನ್ ತಿಣುಕಿ ನಿಂತುಹೋಗುತ್ತದೆ; ಜಾರುತ್ತಿದ್ದರೆ ಏನೂ ಆಗದಂತೆ ತಿರುಗುತ್ತಲೇ ಇರುತ್ತದೆ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು. ಮತ್ತೆ ಮತ್ತೆ ಮಾಡಿದರೆ ಉಳಿದಿರುವ ಪದರವೂ ಸುಟ್ಟುಹೋದೀತು.

ಬಿಡದಿರುವ ಕ್ಲಚ್ಚಿನ ಲಕ್ಷಣ ಗೇರುಪೆಟ್ಟಿಗೆಯಲ್ಲಿ ಕೇಳಿಬರುತ್ತದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಪೆಡಲನ್ನು ಪೂರ್ತಿ ಒತ್ತಿ, ಕೆಲವು ಕ್ಷಣ ತಡೆದು ರಿವರ್ಸ್ ಗೇರಿಗೆ ಹಾಕಿದಾಗ ಕರಕರನೆ ಸದ್ದಾದರೆ ತಟ್ಟೆ ಇನ್ನೂ ತಿರುಗುತ್ತಿದೆಯೆಂದೇ ಅರ್ಥ. ಮೊದಲ ವರ್ಷಗಳ ಮಿನಿಗಳಲ್ಲಿ ಒಂದನೆಯ ಗೇರು ಸದ್ದಿಲ್ಲದೆ ಕೂಡಲು ನೆರವಾಗುವ ಏರ್ಪಾಡೇ ಇರಲಿಲ್ಲ. ಆದುದರಿಂದ ಓಡುವಾಗ ಆ ಗೇರು ಗೊಣಗಿತೆಂದು ಕ್ಲಚ್ಚನ್ನು ದೂರುವುದು ನ್ಯಾಯವಲ್ಲ.

ಬಿಡದಿರುವ ರೋಗಕ್ಕೆ ಮೊದಲು ನೋಡಬೇಕಾದುದು ದ್ರವದ ಹಾದಿಯನ್ನು. ಡಬ್ಬಿಯಲ್ಲಿ ದ್ರವ ಇಳಿದಿದೆಯೆ? ಸ್ಲೇವ್ ಸಿಲಿಂಡರಿನ ರಬ್ಬರ್ ಮುಸುಕನ್ನು ಸರಿಸಿದರೆ ಒದ್ದೆಯಾಗಿದೆಯೆ? ಬಳಿಕ ಒಬ್ಬನು ಪೆಡಲನ್ನು ಒತ್ತಿ ಹಿಡಿದಿರಬೇಕು, ಇನ್ನೊಬ್ಬನು ಕೊಂತವನ್ನು ನೋಡುತ್ತಿರಬೇಕು. ಪಾದ ಕದಲದಿದ್ದರೂ ಕೊಂತವು ಮೆಲ್ಲಮೆಲ್ಲಗೆ ಹಿಂದೆ ಸರಿದರೆ, ಹೊರಗೆ ಒಂದು ಹನಿಯೂ ಕಾಣದಿದ್ದರೂ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದು ದ್ರವ ನುಸುಳುತ್ತಿದೆಯೆಂದು ತಿಳಿಯಬೇಕು. ಹಳೆಯ ರಬ್ಬರ್ ನಳಿಕೆ ಒತ್ತಿದಾಗ ಉಬ್ಬುವುದೂ ಉಂಟು. ಇವೆಲ್ಲ ಸರಿಯಿದ್ದರೆ ಕೀಲುಗಳತ್ತ ಕಣ್ಣು ಹಾಯಿಸಬೇಕು. ಪೆಡಲಿನ ಮೊಳೆ ಮತ್ತು ಸನ್ನೆಯ ರಂಧ್ರಗಳು ವರ್ಷಗಟ್ಟಲೆ ಸವೆದು ಮೊಟ್ಟೆಯಾಕಾರ ತಳೆದಿರುತ್ತವೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟೇ ಸಡಿಲವಿದ್ದರೂ ಎಲ್ಲವೂ ಕೂಡಿ ಪೆಡಲಿನ ಚಲನೆಯ ಬಹುಭಾಗವನ್ನು ನುಂಗಿಬಿಡುತ್ತವೆ. ಡಬ್ಬಿಗೆ ಬ್ರೇಕ್ ದ್ರವವನ್ನೇ ತುಂಬಬೇಕು. ಎಂಜಿನ್ ಎಣ್ಣೆಯನ್ನು ಸುರಿದರೆ ಒಳಗಿನ ರಬ್ಬರೆಲ್ಲ ಊದಿ ಹಾಳಾಗುತ್ತದೆ.

ಜಾರುವ ಕ್ಲಚ್ಚಿನಲ್ಲಿಯೂ ಹೊರಗಿನ ಪರೀಕ್ಷೆ ಮೊದಲು. 1982ಕ್ಕೆ ಹಿಂದಿನ ಮಿನಿಗಳಲ್ಲಿ ಸನ್ನೆಗೂ ಅದನ್ನು ತಡೆಯುವ ತಿರುಪಿಗೂ ನಡುವೆ ಅರ್ಧ ಮಿಲಿಮೀಟರಿನಷ್ಟು ಅಂತರವಿರಬೇಕು. ಸನ್ನೆಯನ್ನು ಕೈಯಿಂದ ಹೊರಕ್ಕೆಳೆದು ಈ ಅಂತರವನ್ನು ಅಳೆಯುತ್ತಾರೆ. ಪದರ ಸವೆದಂತೆ ಅಂತರ ಕಿರಿದಾಗಿ, ಕಡೆಗೆ ಪಾದ ಮುಟ್ಟದಿದ್ದರೂ ಕ್ಲಚ್ಚು ಅರೆ ಒತ್ತಿದಂತಾಗುತ್ತದೆ. ಆಗ ತಿರುಪನ್ನು ಸರಿಪಡಿಸಿದರೆ ಗುಣವಾದರೂ ಆಗಬಹುದು. ಅದರಿಂದಲೂ ಆಗದಿದ್ದರೆ ಪದರ ಪೂರ್ತಿ ಸವೆದಿರಬೇಕು, ಇಲ್ಲವೆ ಎಣ್ಣೆ ಸೋರಿರಬೇಕು. ಎಣ್ಣೆಯ ಸೋರಿಕೆ ಮಿನಿಗೆ ಹುಟ್ಟಿನಿಂದಲೇ ಬಂದ ಕಾಟ. ಗೇರುಗಳ ಎಣ್ಣೆಗೂ ಒಣಗಿರಬೇಕಾದ ಕ್ಲಚ್ಚಿಗೂ ನಡುವೆ ಇರುವುದು ಒಂದು ರಬ್ಬರ್ ಬಳೆ ಮಾತ್ರ. ಬಳೆಯನ್ನು ಬದಲಿಸದೆ ತಟ್ಟೆಯನ್ನಷ್ಟೇ ಬದಲಿಸುವುದು, ಮಾಡು ಸೋರುತ್ತಿರುವಾಗ ನೆಲವನ್ನು ಒರೆಸಿದಂತೆ.

ಇಷ್ಟು ತೊಡಕಿದ್ದರೂ ಈ ವಿನ್ಯಾಸವು ಒಂದು ಉಪಕಾರವನ್ನೂ ಮಾಡಿದೆ. ಕ್ಲಚ್ಚು ಎಂಜಿನ್ನಿನ ಬಲತುದಿಯಲ್ಲಿರುವುದರಿಂದ, ಎಂಜಿನ್ನನ್ನು ಹೊರಕ್ಕೆತ್ತದೆಯೇ ತಟ್ಟೆಯನ್ನು ಬದಲಿಸಬಹುದು. ಬ್ಯಾಟರಿಯ ತಂತಿಯನ್ನು ಕಳಚಿ, ಮರದ ತುಂಡನ್ನು ಇಟ್ಟು ಜ್ಯಾಕಿನಿಂದ ಎಂಜಿನ್ನಿಗೆ ಆಧಾರ ಕೊಟ್ಟು, ಬಲಬದಿಯ ಬಂಧವನ್ನು ಬಿಚ್ಚಿ ಸ್ವಲ್ಪ ಎತ್ತಿದರೆ ಮುಚ್ಚಳ ಹೊರಬರುತ್ತದೆ. ಹಳೆಯ ಪದರಗಳಲ್ಲಿ ಕಲ್ನಾರು ಇರುವ ಸಂಭವವುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ, ಊದದೆ ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು.

ಮುಂದಿನದು ಫ್ಲೈವೀಲ್ ಎಂಬ ಭಾರವಾದ ಚಕ್ರ. ಅದನ್ನು ಬಿಡಿಸುವ ಮುನ್ನ ದಂಡದ ತುದಿಯ ಸೀಳು ಅಡ್ಡಲಾಗಿ ಬರುವಂತೆ ಎಂಜಿನ್ನನ್ನು ತಿರುಗಿಸಿಡಬೇಕು. ಇಲ್ಲವಾದರೆ ಒಳಗಿರುವ ಅರ್ಧಚಂದ್ರದಂಥ ವಾಷರು ಜಾರಿಬಿದ್ದು, ಚಕ್ರ ಹೊರಬಾರದಂತೆ ಸಿಕ್ಕಿಕೊಳ್ಳುತ್ತದೆ. ಓರೆಯಾದ ದಂಡದ ಮೇಲೆ ಬಿಗಿದು ಕುಳಿತ ಚಕ್ರವನ್ನು ಬಿಡಿಸಲು ವಿಶೇಷ ಎಳೆಗವೊಂದು ಬೇಕು. ಅದನ್ನು ಬಿಗಿಸುತ್ತ ಹೋದಂತೆ ಚಕ್ರವು ಗುಂಡು ಹಾರಿದ ಸದ್ದಿನೊಡನೆ ಥಟ್ಟನೆ ಕಳಚಿಕೊಳ್ಳುತ್ತದೆ. ಆದುದರಿಂದ ನಡುವಣ ಬೋಲ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ ಬಿಟ್ಟಿರುತ್ತಾರೆ. ಎದುರಿಗೆ ಯಾರೂ ನಿಲ್ಲುವುದಿಲ್ಲ.

ಹೊಸ ಬಳೆ, ಹೊಸ ತಟ್ಟೆಗಳನ್ನು ಕೂರಿಸಿ, ಓರೆಯ ಮೈಯಲ್ಲಿ ಎಣ್ಣೆಯ ಪಸೆಯೂ ಇಲ್ಲದಂತೆ ಒರೆಸಿ, ಬೋಲ್ಟನ್ನು ಸುಮಾರು 150 ನ್ಯೂಟನ್ ಮೀಟರಿಗೆ ಬಿಗಿಯುತ್ತಾರೆ. ಕಡೆಗೆ ಸನ್ನೆಯ ಅಂತರವನ್ನು ಮತ್ತೆ ಅಳೆದು, ರಿವರ್ಸ್ ಗೇರಿಗೆ ಹಾಕಿ ಕಿವಿಗೊಡುತ್ತಾರೆ.